ನಾಲ್ಕನೆಯ ಹೆಸರು

ದು-ಹ್ವಾನ್ ಅವರಿಗೆ,

ಇಷ್ಟು ದಿನ ಅಣ್ಣ ಎಂದು ಬರೆಯುತ್ತಿದ್ದೆ. ಇನ್ನು ಬೇಡ.

ಗ್ಯೂ-ಬಿನ್ ನಿಮ್ಮ ಗಾಯನ ತಂಡ ಬಿಟ್ಟಾಗ ನೀವು ಅಳುತ್ತಾ, "ಅವನ ಜಾಗ ಹಾಗೇ ಇರುತ್ತೆ" ಅಂದಿದ್ದಿರಿ. ನಂಬಿದ್ದೆ. ಶನಿವಾರ ಡೇಗು ನಗರದ ನಿಮ್ಮ ಕಾರ್ಯಕ್ರಮದಲ್ಲಿ 'ಒಂದೇ ಕೊಡೆ' ಹಾಡಿನ ವಾದ್ಯಸಂಗೀತ ಶುರುವಾದಾಗ ಎಂದಿನಂತೆ ನಿಮ್ಮ ನಾಲ್ವರ ಹೆಸರನ್ನೂ ಸಾಲಾಗಿ ಕೂಗಿದೆ. ಉಳಿದ ಅಭಿಮಾನಿಗಳು ಮೂರಕ್ಕೇ ನಿಲ್ಲಿಸಿದ್ದರು. 'ಗ್ಯೂ-ಬಿನ್' ಎಂದವಳು ನಾನೊಬ್ಬಳೇ. ನೀವು ಮೈಕಿನಲ್ಲಿ, "ಯಾರೋ ಹಳೇ ಪಾಠ ಉರು ಹೊಡ್ಕೊಂಡು ಬಂದಿದಾರೆ!" ಅಂದಿರಿ. ಇಡೀ ಸಭಾಂಗಣ ನಕ್ಕಿತು.

ಪಕ್ಕದಲ್ಲಿ ಮಾಸ್ಕ್ ಹಾಕಿ ಕೂತಿದ್ದವನು ಮಾತ್ರ ನಗಲಿಲ್ಲ. "ಸುಮ್ನಿರಮ್ಮ, ದು-ಹ್ವಾನ್‌ಗೆ ತಾಳ ತಪ್ಪುತ್ತೆ" ಅಂದ. ಆ ದನಿ ಗ್ಯೂ-ಬಿನ್‌ನದು.

ಮನೆಗೆ ಬಂದು ನೀವು ಹೊಸದಾಗಿ ಧ್ವನಿಮುದ್ರಿಸಿದ 'ಒಂದೇ ಕೊಡೆ' ಕೇಳಿದೆ. ಅವನ ಸಾಲುಗಳನ್ನೆಲ್ಲ ನೀವೇ ಹಾಡಿದ್ದೀರಿ. ಗೆಳೆಯನಿಗೆ ಕೊಡೆ ಹಿಡಿದವನ ಹಾಡು ಎಂದುಕೊಂಡಿದ್ದೆ. ಈಗ ಕೇಳಿದರೆ ಕೊಡೆ ಕಿತ್ತುಕೊಂಡವನ ಹಾಡಿನಂತಿದೆ.

ದಯವಿಟ್ಟು ಅಭಿಮಾನಿ ಸಂಘದ ಪಟ್ಟಿಯಿಂದ ನನ್ನ ಹೆಸರನ್ನೂ ತೆಗೆಸಿ. ಗಂಟಲಿಗೆಂದು ನಾನು ಕಳಿಸಿದ ಶುಂಠಿ ಜೇನು ಮುಗಿದಿರದಿದ್ದರೆ ಅವನ ಮನೆಗೆ ಕಳಿಸಿ.

ಅಂದಹಾಗೆ, ಅವತ್ತು ನಿಮ್ಮ ಹೆಸರು ಬಂದಾಗ ನನಗಿಂತ ಜೋರಾಗಿ ಕೂಗಿದ್ದು ಅವನೇ.

ಮೂರನೆಯ ಸಾಲಿನಿಂದ,
ಊಮ್ ನಾ-ರೇ