ಆ ಕಪ್ಪು ಸ್ಕ್ರೀನ್ ಮುಚ್ಚಿದ್ದು ನೀನೇ

ಬೀರಣ್ಣ,

ಅಕ್ಷರ ಸೊಟ್ಟಗಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮೇಲೆ ಕೀಬೋರ್ಡ್ ಬೀಸಿ ಬೆರಳು ಮುರಿದವನು ನೀನೇ, ನೆನಪಿರಲಿ.

ನೀನು ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ನಾನೇ ಕೈಯಾರೆ ಹಾಕಿದ್ದು, ಅದಕ್ಕೇ ಕಂಪ್ಯೂಟರಿನ ಲಿನಕ್ಸ್ ಮೆನುವಿನಲ್ಲಿ ಕಾಣುವುದಿಲ್ಲ. ಟರ್ಮಿನಲ್ ಅನ್ನುವ ಆ ಕಪ್ಪು ಸ್ಕ್ರೀನ್‌ನಿಂದ ಶುರು ಮಾಡಿದ್ದರಿಂದ, ಅದನ್ನು ಮುಚ್ಚಿದರೆ ಸ್ಟುಡಿಯೋನೂ ಮುಚ್ಚಿಕೊಳ್ಳುತ್ತದೆ. ನಿನ್ನೆ ನೀನೇ ಅದನ್ನು ಮುಚ್ಚಿ, “ಬೇಕಂತ್ಲೇ ನನ್ ಕೆಲ್ಸ ಕೆಡಿಸ್ಬಿಟ್ಯೇನೇ?” ಅಂತ ನನ್ನ ಮೇಲೆ ಬಿದ್ದೆ. ನಿನ್ನ ಕೆಲಸವೆಲ್ಲ ಹಾಗೇ ಇದೆಯಪ್ಪಾ, ಒಂದಕ್ಷರವೂ ಹೋಗಿಲ್ಲ.

ಡೆಸ್ಕ್‌ಟಾಪ್ ಮೇಲೆ ಐಕಾನ್ ಮಾಡಿಟ್ಟಿದ್ದೇನೆ. ಇನ್ನು ಅದನ್ನು ಒತ್ತಿದರೆ ಸಾಕು, ಟರ್ಮಿನಲ್ ಬೇಕಿಲ್ಲ. ಒಡೆದ ಕೀಬೋರ್ಡ್ ಬಿಸಾಕು, ಹಳೆಯದು ಅಟ್ಟದ ಮೇಲಿದೆ. ಅವ್ವ ಮುದ್ದೆ ಕಟ್ಟಿಟ್ಟಿದ್ದಾಳೆ, ಸಾರು ಬಿಸಿ ಮಾಡಿಕೋ.

ಕೈಗೆ ಕಟ್ಟು ಹಾಕಿಸಲು ನಾನೂ ಅವ್ವನೂ ಹೊಸಕೋಟೆಗೆ ಹೊರಟಿದ್ದೇವೆ. ಡಾಕ್ಟರ್ ಕೇಳಿದರೆ “ಕೊಟ್ಟಿಗೇಲಿ ಜಾರ್ಬಿದ್ಲು ಅಂತೀನಿ ಕಣೇ” ಅನ್ನುತ್ತಿದ್ದಾಳೆ ಅವ್ವ. ನಾನು ನಿನ್ನ ಹೆಸರೇ ಹೇಳುತ್ತೇನೆ.

ಇನ್ನೊಂದು ಸಲ ಕೈ ಎತ್ತಿ ನೋಡು. ಮಚ್ಚು ಹಿಡಿಯಲು ನನಗೆ ಎಡಗೈಯೇ ಸಾಕು.

ನಿನ್ನ ತಂಗಿ ಹರ್ಷಿತ