ನನ್ನ ತಮ್ಮನನ್ನು ನೀವು ಎಲ್ಲಿ ನೋಡಿದಿರಿ?

ಸಾಮಾಜಿಕ ನೆರವಿನ ದಾಖಲೆಗಳನ್ನೆಲ್ಲ ಒಂದುಗೂಡಿಸಿದ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ,

ಆರು ಚಳಿಗಾಲಗಳ ಹಿಂದೆ ಸಮುದ್ರಕ್ಕೆ ಹೋಗಿ ಮರಳದ ನನ್ನ ತಮ್ಮ ಮಕ್ರಮ್‌ನನ್ನು ನಿಮ್ಮ ಕಂಪ್ಯೂಟರ್ ನಮ್ಮ ಮನೆಗೆ ಕರೆತಂದಿದೆ. ಅವನು ಬಂದ ಕಾರಣಕ್ಕೆ ನಮ್ಮ ಅಮ್ಮ ಮಬ್ರೂಕಾಳ ಉಚಿತ ಚಿಕಿತ್ಸೆಯ ಬಿಳಿ ಕಾರ್ಡು ರದ್ದಾಗಿದೆ. ಹೆತ್ತವಳಿಗೆ ಕಾಣದವನು ನಿಮಗೆ ಹೇಗೆ ಕಂಡ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಇಲಾಖೆಗಳು ಇನ್ನು ಮುಂದೆ ಒಂದರೊಡನೊಂದು ಮಾತಾಡಿಕೊಳ್ಳುತ್ತವೆ ಎಂದು ನೀವು ಘೋಷಿಸಿದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಒಂದೇ ಪ್ರಮಾಣಪತ್ರ ಹಿಡಿದು ಅಮ್ಮ ಕಿಟಕಿಯಿಂದ ಕಿಟಕಿಗೆ ಅಲೆದದ್ದನ್ನು ಕಂಡವಳು ನಾನು. ಅಂತೂ ನಿಮ್ಮ ಇಲಾಖೆಗಳು ಮಾತಾಡಿಕೊಂಡವು. ಅವನು ಹುಟ್ಟಿದ್ದಾನೆ, ಸತ್ತ ದಾಖಲೆಯಿಲ್ಲ ಎಂದಿತು ಜನನ ಮರಣದ ಕಚೇರಿ. ಕೊಳಾಯಿ ಕೆಲಸ ಕಲಿತಿದ್ದಾನೆ, ಗಟ್ಟಿಮುಟ್ಟಾಗಿದ್ದಾನೆ ಎಂದಿತು ಉದ್ಯೋಗ ಕಚೇರಿ. ಮನೆಯ ಮೀಟರ್ ಅವನ ಹೆಸರಿನಲ್ಲೇ ಇದೆ ಎಂದರು ವಿದ್ಯುತ್ತಿನವರು. ಯಾರೂ ಸುಳ್ಳು ಹೇಳಲಿಲ್ಲ, ಒಪ್ಪುತ್ತೇನೆ. ಈ ನಿಜಗಳನ್ನೆಲ್ಲ ಸೇರಿಸಿ ಹೊಲಿದಾಗ ನಿಮಗೊಬ್ಬ ಮನುಷ್ಯ ಸಿಕ್ಕ: ತಾಯಿಯ ಮನೆಯಲ್ಲೇ ಇರುವ, ದುಡಿಯುವ, ತಾಯಿಯನ್ನು ಸಾಕುವ ಮಗ. ಸ್ವಾಮಿ, ಅಂಥ ಮಗ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಕೆಲಸ ಸಿಕ್ಕಿದ್ದರೆ ಅವನು ಕಡಲಾಚೆಯ ದೇಶಕ್ಕೆ ಕದ್ದು ಹೊರಟ ಆ ದೋಣಿ ಹತ್ತುತ್ತಿರಲಿಲ್ಲ.

ಕರಾವಳಿಯ ಜರ್ಜೀಸ್ ಪಟ್ಟಣದಿಂದ ತುಸು ದೂರದ ನಮ್ಮೂರಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಊರಿನ ಕಚೇರಿಯಲ್ಲಿ ಹಿಂದಿದ್ದ ಗುಮಾಸ್ತರು ಕಾರ್ಡನ್ನು ಸುಮ್ಮನೆ ನವೀಕರಿಸಿ ಕಳಿಸುತ್ತಿದ್ದರು. ಅವರ ಸೋದರಳಿಯನೂ ಅದೇ ದೋಣಿಯಲ್ಲಿದ್ದ. ಅವರು ನಿವೃತ್ತರಾದರು, ಅವರ ಕುರ್ಚಿಯಲ್ಲಿ ಈಗ ಒಬ್ಬ ಹುಡುಗಿ ಇದ್ದಾಳೆ. ಪಾಪದ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಕಾರ್ಡು ಕೇಳಲು ಹೋದ ಅಮ್ಮನನ್ನು ಚಿಕ್ಕಮ್ಮನೆಂಬಂತೆ ಖಾಲ್ತಿ ಎಂದು ಕರೆದು, ಅವಳು ಪರದೆ ನೋಡಿಕೊಂಡೇ ಹೇಳಿದಳು:

"ಖಾಲ್ತಿ, ಮನೇಲಿ ದುಡಿಯೋ ಮಗ ಇದಾನಲ್ಲ, ಅದಕ್ಕೇ ಕಾರ್ಡು ನಿಂತಿರೋದು."

"ಯಾವ ಮಗ?" ಎಂದಳು ಅಮ್ಮ.

"ಮಕ್ರಮ್. ಜೀವಂತ ಅಂತಿದೆ. ಈ ವಸಂತದಲ್ಲಿ ಅಪ್‌ಡೇಟೂ ಆಗಿದೆ ನೋಡಿ."

ಅಮ್ಮ ಕಿಟಕಿಯ ಕಂಬಿ ಹಿಡಿದುಕೊಂಡಳು. "ಈ ವಸಂತದಲ್ಲಾ? ಯಾರು ನೋಡಿದ್ದು ಅವನ್ನ?"

"ಅದು ಬರಲ್ಲ ಖಾಲ್ತಿ. ತಾರೀಖು ಮಾತ್ರ ಬರತ್ತೆ."

"ನಿಮ್ಮೋರು ಯಾರೋ ನೋಡಿರಬೇಕಲ್ಲಮ್ಮ. ನೋಡದೆ ಹೆಂಗೆ ಬರೀತಾರೆ? ಸಣ್ಣಗಾಗಿದಾನಂತಾ, ಅದಾದ್ರೂ ಕೇಳಿ ಹೇಳು."

ನಾನು ಅಮ್ಮನ ಕೈ ಬಿಡಿಸಿ ಹೊರಗೆ ಕರೆತಂದೆ. ದಾರಿಯುದ್ದಕ್ಕೂ ಅವಳು ಕಾರ್ಡಿನ ಮಾತೇ ಎತ್ತಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಬೀದಿ ಬಾಗಿಲಿಗೆ ಅಗುಳಿ ಹಾಕುವುದಿಲ್ಲ. ಅವನ ಕೋಣೆಯಲ್ಲಿಟ್ಟಿದ್ದ ನನ್ನ ಮಕ್ಕಳ ಸಾಮಾನನ್ನು ಅಮ್ಮ ಹೊರಗೆ ಹಾಕಿಸಿದಳು. ಶುಕ್ರವಾರದ ಕುಸ್‌ಕುಸ್ ಊಟದಲ್ಲಿ ಮೀನಿನ ತಲೆಯ ಭಾಗ ಅವನಿಗೆ ಇಷ್ಟವೆಂದು ಎತ್ತಿಡುತ್ತಾಳೆ, ಮಾರನೆಯ ದಿನ ಅದು ಬೆಕ್ಕಿನ ಪಾಲು. ಹಿತ್ತಲಲ್ಲಿ ಅವನು ಅರ್ಧಕ್ಕೇ ರಿಪೇರಿ ಬಿಟ್ಟುಹೋದ ನಲ್ಲಿಯೊಂದಿದೆ. ಅದು ಸದ್ದು ಮಾಡಿದರೆ ಅಮ್ಮ ಮಾತು ನಿಲ್ಲಿಸಿ ಕಿವಿಗೊಡುತ್ತಾಳೆ. ಹೇಳಲು ನಾಚಿಕೆಯಾಗುತ್ತದೆ, ಮೊನ್ನೆ ನಾನೂ ಎದ್ದು ಹೋಗಿ ನೋಡಿದೆ. ಸಂತೆಯಲ್ಲಿ ಗಂಡಸರ ಬೆನ್ನು ನೋಡಿಕೊಂಡು ನಡೆಯುತ್ತೇನೆ. ಅವನಿಗಾಗಿ ಅತ್ತು ಮುಗಿಸಿದ್ದೆ ಎಂದುಕೊಂಡಿದ್ದೆ. ನಿಮ್ಮ ತಾರೀಖು ಎಲ್ಲವನ್ನೂ ಮೊದಲಿನಿಂದ ಶುರು ಮಾಡಿಸಿತು. ಸತ್ತವರು ಕನಸಿನಲ್ಲಿ ಬಂದರೆ ತಡೆದುಕೊಳ್ಳಬಹುದು, ಸರ್ಕಾರಿ ದಾಖಲೆಯಲ್ಲಿ ಬಂದರೆ ಏನು ಮಾಡಬೇಕು?

ಕೊನೆಗೆ ಒಬ್ಬಳೇ ಬಸ್ಸು ಹತ್ತಿ ರಾಜಧಾನಿಯ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಎಂಜಿನಿಯರೊಬ್ಬರು ಟೀ ಕೊಡಿಸಿ ತಾಳ್ಮೆಯಿಂದ ಹೇಳಿದರು: "ಅಕ್ಕಾ, ಹಳೇ ಕಂಪ್ಯೂಟರಿಂದ ಹೊಸದಕ್ಕೆ ಎಲ್ಲಾ ಸುರಿದ್ವಲ್ಲ, ಅದು ಆ ದಿನದ ತಾರೀಖು. ದೇಶದಲ್ಲಿ ಎಲ್ಲರ ಹೆಸರಿನ ಮುಂದೂ ಅದೇ ಇದೆ. ಯಾರೂ ಯಾರನ್ನೂ ನೋಡಿಲ್ಲ."

ಯಾರೂ ಯಾರನ್ನೂ ನೋಡಿಲ್ಲ. ನಿಮ್ಮ ಇಡೀ ಯೋಜನೆಯ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ವರದಿಯನ್ನು ನಾನು ಕೇಳಿಲ್ಲ.

ಪರಿಹಾರವನ್ನೂ ಅವರೇ ಸೂಚಿಸಿದರು. ಮಗ ಸತ್ತಿದ್ದಾನೆಂದು ತಾಯಿ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು, ತೀರ್ಪು ಬಂದೊಡನೆ ಹೆಸರು ತಾನಾಗಿ ಅಳಿಸಿಹೋಗುತ್ತದೆ, ಕಾರ್ಡು ತಾನಾಗಿ ಮರಳುತ್ತದೆ. ಊರಿಗೆ ಬಂದು ಅರ್ಜಿಯ ಮಾತಷ್ಟನ್ನೇ ಅಮ್ಮನಿಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ತಿರುಗದೆ ಹೇಳಿದಳು: "ಸಮುದ್ರ ಅವನ್ನ ಏನ್ ಮಾಡ್ತೋ ನಂಗೊತ್ತಿಲ್ಲ. ನನ್ ಕೈಯಿಂದ ಮಾತ್ರ ಸಾಯಿಸ್ಬೇಡ ನಜ್ವಾ. ಅದೂ ಅವ್ರು ನೋಡಿದ್ದೀವಿ ಅಂತ ಬರ್ದಿರುವಾಗ."

ಅಮ್ಮನಿಗೆ ಸಕ್ಕರೆ ಕಾಯಿಲೆ, ನಾನು ಔಷಧದಂಗಡಿಯಲ್ಲಿ ಕೆಲಸ ಮಾಡುವವಳು. ಕಾರ್ಡಿಲ್ಲದೆ ಇನ್ಸುಲಿನ್ ಕೊಳ್ಳುವ ಮನೆಗಳಲ್ಲಿ ಏನಾಗುತ್ತದೆಂದು ಕೌಂಟರಿನ ಒಳಗಡೆಯಿಂದ ನೋಡಿದ್ದೇನೆ. ಈಗ ಕೈಲಾದಷ್ಟು ಕೊಂಡು ತರುತ್ತೇನೆ, ಅಮ್ಮ ನನಗೆ ಗೊತ್ತಾಗದಂತೆ ಅದರಲ್ಲೂ ಉಳಿಸುತ್ತಾಳೆ. ಅವಳ ಬಲಗಾಲಿನ ಹೆಬ್ಬೆರಳ ಹುಣ್ಣು ಮಾಯುತ್ತಿಲ್ಲ, ಬಣ್ಣ ತಿರುಗುತ್ತಿದೆ. ಕಾಲು ಉಳಿಯಬೇಕಾದರೆ ಮಗನನ್ನು ಕೊಲ್ಲಬೇಕು ಎಂಬ ಈ ಲೆಕ್ಕವನ್ನು ನಿಮ್ಮ ಯಾವ ಸಭೆಯಲ್ಲಿ ಅಂಗೀಕರಿಸಿದಿರಿ?

ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ಮನೆಯ ಚಾವಣಿಯ ಟಿವಿ ಡಿಶ್ಶನ್ನೂ ಆಸ್ತಿಯೆಂದು ಬರೆದುಕೊಳ್ಳಲು ಜಾಗವಿರುವ ನಿಮ್ಮ ದಾಖಲೆಯಲ್ಲಿ, ಜೀವಂತ ಮತ್ತು ಮೃತ ಎಂಬೆರಡರ ನಡುವೆ 'ಗೊತ್ತಿಲ್ಲ' ಎಂದು ಬರೆಯಲು ಜಾಗ ಮಾಡಿ. ಈ ಕರಾವಳಿಯಲ್ಲಿ ಅದು ಬೇಕಾದ ಮನೆಗಳು ಬಹಳ ಇವೆ. ಯಾರೂ ಅವನ ಸಾವಿಗೆ ಸಹಿ ಹಾಕದೆಯೇ ಅಮ್ಮನ ಕಾರ್ಡು ಮರಳಿಸಿ, ಅವಳ ಕಾಲು ನಿಮ್ಮ ಮುಂದಿನ ಸಭೆಯವರೆಗೆ ಕಾಯುವುದಿಲ್ಲ. ಆ ತಾರೀಖನ್ನು ಇನ್ನು ಯಾವ ತಾಯಿಗೂ ಓದಿ ಹೇಳದಂತೆ ಕಿಟಕಿಯ ಹುಡುಗಿಯರಿಗೆ ತಿಳಿಸಿ.

ಇದು ಪತ್ರಿಕೆಯಲ್ಲಿ ಬರುತ್ತದೆ, ಆದ್ದರಿಂದ ನೆರೆಹೊರೆಯವರಲ್ಲೂ ಒಂದು ಮಾತು. ಅಮ್ಮನಿಗೆ ಓದಲು ಬಾರದು. ಎಂಜಿನಿಯರು ಹೇಳಿದ್ದನ್ನು ನಾನು ಅವಳಿಗೆ ಹೇಳಿಲ್ಲ, ಹೇಳುವ ಧೈರ್ಯ ನನಗಿಲ್ಲ. ನೀವೂ ಆ ಭಾಗವನ್ನು ಓದಿ ಹೇಳಬೇಡಿ.

ಏನು ಬರೆಯುತ್ತಿದ್ದೀಯ ಎಂದು ಅವಳು ಈಗಷ್ಟೇ ಕೇಳಿದಳು. ಮಕ್ರಮ್‌ನನ್ನು ಎಲ್ಲಿ ನೋಡಿದಿರಿ ಎಂದು ದೊಡ್ಡ ಸಾಹೇಬರನ್ನು ಕೇಳುತ್ತಿದ್ದೇನೆ ಎಂದೆ. ಪಕ್ಕದಲ್ಲಿ ಬಂದು ಕೂತಳು.

"ಹಂಗಾದ್ರೆ ಇದನ್ನೂ ಸೇರ್ಸು. ಎಡಗಡೆ ಹುಬ್ಬಲ್ಲಿ ಗಾಯದ ಗುರುತಿದೆ. ಹೆಸರು ಕೂಗಿದ್ರೆ ತಟ್ ಅಂತ ತಿರುಗಲ್ಲ, ಎರಡು ಸಲ ಕೂಗ್ಬೇಕು. ಇನ್ನೊಂದ್ ಸಲ ಕಂಡ್ರೆ ಹೇಳಿ, ಕಾರ್ಡ್ ಹೋಗಿದ್ದಕ್ಕೆ ಅಮ್ಮಂಗೆ ಸಿಟ್ಟಿಲ್ಲ, ಮನೆಗೆ ಬಾ ಅಂತ."

ಸೇರಿಸಿದ್ದೇನೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಮಾತ್ರ ಅಕ್ಕನಾಗಿ ಉಳಿದಿರುವ
ನಜ್ವಾ