ಅರ್ಧ ಟ್ಯಾಂಕಿನ ವ್ಯಾನು

ಅತ್ತೆ,

ನಮ್ಮ ಹಳೆಯ ವ್ಯಾನಿನ ರೋಗ ಕೊನೆಗೂ ಸಿಕ್ಕಿತು, ನೀವು ತೀರಿಹೋಗಿ ಎಂಟು ತಿಂಗಳಾದ ಮೇಲೆ. ಎಲ್ಲರಿಗಿಂತ ಮೊದಲು ನಿಮಗೇ ಹೇಳಬೇಕಿತ್ತು...

ನಾನು ಸ್ಟೇರಿಂಗ್ ಹಿಡಿದ ಮೊದಲ ದಿನ ನೆನಪಿದೆಯೇ? ಸಾಂಗ್ಲಿಯ ನಮ್ಮ ಅಂಗಡಿಯಿಂದ ಸಮಡೋಳಿಯ ಸಂತೆಗೆ. ಹಿಂದೆ ಸೀರೆಯ ಗಂಟುಗಳು, ಪಕ್ಕದಲ್ಲಿ ನೀವು, ಮಡಿಲಲ್ಲಿ ಬುತ್ತಿ. ನಾನು ಗೇರಿಗಾಗಿ ತಡಕಾಡುತ್ತಿದ್ದರೆ ನೀವು ಕಿಟಕಿಯ ಹೊರಗೆ ನೋಡುತ್ತ, "ಸಾವಕಾಶ ಹೊಡಿ ಸವಿತಾ. ಸಂತಿ ಎಲ್ಲಿಗೂ ಓಡಿಹೋಗಂಗಿಲ್ಲ" ಅಂದಿರಿ. ತವರಿನಲ್ಲಿ ಸೈಕಲ್ಲನ್ನೂ ಹತ್ತದವಳಿಗೆ ಕೀಲಿ ಕೊಡಿಸಿದವರು ನೀವು.

ಆಮೇಲೆ ಶುರುವಾಯಿತು ಆ ಜಗ್ಗಾಟ. ಆಕ್ಸಿಲರೇಟರ್ ಒತ್ತಿದರೆ ವ್ಯಾನು ಓಡುವ ಬದಲು ಕೆಮ್ಮುತ್ತಿತ್ತು. ಒಮ್ಮೆ ಮಿರಜದ ಸೇತುವೆಯ ಏರಿನಲ್ಲಿ ನಿಂತೇಬಿಟ್ಟಿತು. ನೀವು ಬಿಸಿಲಲ್ಲಿ ಇಳಿದು, ಹಾರ್ನ್ ಹೊಡೆಯುವವರಿಗೆ ಕೈ ಅಡ್ಡ ಹಿಡಿದು ನಿಂತಿರಿ. ಕಾರ್ಬುರೇಟರ್ ತೊಳೆಸಿದೆವು, ಆಕ್ಸಿಲರೇಟರ್ ಕೇಬಲ್ ಬದಲಿಸಿದೆವು. ನಿಮ್ಮ ಮಗ ಓಡಿಸಿದರೆ ಸರಿ, ನಾನು ಓಡಿಸಿದರೆ ಮಾತ್ರ ಮತ್ತೆ ಅದೇ. "ಗಾಡಿ ಬರೋಬರ ಐತಿ. ಇಕಿ ಕಾಲ ಸರಿ ಇಲ್ಲ. ಅವ್ವನ್ನ ನಡುರಸ್ತೇದಾಗ ನಿಂದ್ರಸ್ತಾಳ" ಎಂದು ಅವರು ಊಟಕ್ಕೆ ಕುಳಿತಾಗ ಎಲ್ಲರೆದುರು ಅಂದರು. ನೀವು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಿರಿ. ಮುಂದಿನ ಸಂತೆಯ ದಿನ, "ಗಂಟು ನೀ ಒಯ್ಯಿ, ನಾ ಬಸ್ಸಿಗೆ ಬರ್ತೇನಿ" ಅಂದಿರಿ. ಕೊನೆಯವರೆಗೂ ಬಸ್ಸಿಗೇ ಬಂದಿರಿ. ನಿಮಗೂ ನನ್ನ ಮೇಲಿನ ನಂಬಿಕೆ ಹೋಯಿತೇ? ಕೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ...

ಹೋದ ವಾರ ಕುಪವಾಡದ ಮುದುಕ ಮೇಸ್ತ್ರಿಯೊಬ್ಬರು ಪೆಟ್ರೋಲ್ ಟ್ಯಾಂಕನ್ನೇ ಕೆಳಗಿಳಿಸಿದರು. ಒಳಗೆ, ಪೆಟ್ರೋಲ್ ಎಳೆಯುವ ಕೊಳವೆ ತುಕ್ಕು ತಿಂದು ನಡುವೆ ತೂತಾಗಿತ್ತು. "ವೈನಿ, ಟಾಕಿ ತುಂಬಿದ್ರ ತೂತು ಮುಳುಗಿರತೈತ್ರಿ, ಗಾಡಿ ಓಡತೈತಿ. ಅರ್ಧಕ್ಕ ಇಳೀತಂದ್ರ ಗಾಳಿ ಎಳೀತೈತಿ." ಆಗ ಹೊಳೆಯಿತು. ನಿಮ್ಮ ಮಗ ಟ್ಯಾಂಕ್ ತುಂಬಿಸಿಯೇ ಹೊರಡುವವರು. ಅವರು ಓಡಿಸಿ ಉಳಿದದ್ದರಲ್ಲಿ ನಾನು ಸಂತೆಗೆ ಹೋಗುತ್ತಿದ್ದೆ.

ಮರುದಿನ ಖಂಡೇರಾಜುರಿಯ ಸಂತೆಯಲ್ಲಿ ನಿಮ್ಮ ಗೆಳತಿ, ಬಳೆ ಮಾರುವ ಶಾಂತಾ ಮಾವಶಿಗೆ ಇದನ್ನು ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು. "ನಿಮ್ಮತ್ತಿ ನಿನ್ನ ಗಾಡಿಗಿ ಅಂಜಿದ್ದಿಲ್ಲ. 'ನಾ ಒಳಗ ಕುಂತಾಗ ಇನ್ನೊಮ್ಮೆ ನಿಂತ್ರ ನನ್ನ ಮಗ ಸೊಸಿ ಕಡಿಂದ ಕೀಲಿ ಕಸ್ಕೋತಾನ. ಅವ ಕೇಳಿದ್ರ ನನಗ ಸುಳ್ಳ ಹೇಳಾಕ ಬರಂಗಿಲ್ಲ. ನಾ ಇಲ್ಲಂದ್ರ ನಿಂತದ್ದು ಅವಗ ಯಾರು ಹೇಳ್ತಾರ?' ಅಂತಿದ್ಲು."

ಆ ಮೊಣಕಾಲು ನೋವಿನಲ್ಲಿ ನೀವು ಬಸ್ಸಿನ ಮೆಟ್ಟಿಲು ಹತ್ತಿದ್ದು ಇದಕ್ಕಾಗಿಯೇ? ನಾನೋ, ಒಳಗೊಳಗೇ ನಿಮ್ಮ ಮೇಲೆ ಮುನಿಸಿಕೊಂಡು...

ನಿಮ್ಮ ಮಗನಿಗೆ ಎಲ್ಲವನ್ನೂ ಹೇಳಿ ಆ ಕೊಳವೆಯನ್ನು ಕೈಯಲ್ಲಿಟ್ಟೆ. ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. "ಅವ್ವ ಒಂದ ಮಾತ ನನ್ನ ಮುಂದ ಹೇಳಲಿಲ್ಲಲಾ..." ಅಂದರು.

ಇನ್ನೊಂದು ಸುದ್ದಿ. ನಿಮ್ಮ ಮೊಮ್ಮಗಳಿಗೆ ಹದಿನೆಂಟು ತುಂಬಿತು. ನಾಳೆಯಿಂದ ಅವಳಿಗೆ ವ್ಯಾನು ಕಲಿಸುತ್ತೇನೆ. ಪಕ್ಕದಲ್ಲಿ ನಾನೇ ಕೂರುತ್ತೇನೆ. ಅವಳು ಎಷ್ಟು ಸಲ ನಡುದಾರಿಯಲ್ಲಿ ನಿಲ್ಲಿಸಿದರೂ, ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ.

ನಿಮ್ಮ ಸೊಸೆ,
ಸವಿತಾ